ದಸರೆಗೆ ಹನ್ನೆರಡು ದಿನ ಮುಂಚೆ ಊರಿಗೆ ಹೋದ ನಾಲ್ವರು: ಮೈಸೂರಿನ ಒಂದು ಲಾಡ್ಜಿನ ಸಂಬಳದ ಲೆಕ್ಕ

ಮೈಸೂರಿನ ಗ್ರಾಮಾಂತರ ಬಸ್ ನಿಲ್ದಾಣದ ಸುತ್ತ ಇರುವಂಥ ಒಂದು ಲಾಡ್ಜ್. ಮೇಲೆ 28 ರೂಮು, ಕೆಳಗೆ ಹೋಟೆಲು. ಬೆಳಗ್ಗೆ ಇಡ್ಲಿ, ದೋಸೆ. ಸಂಜೆಯಾದ ಮೇಲೆ ಗೋಬಿ ಮಂಚೂರಿ, ನೂಡಲ್ಸಿನ ಚೈನೀಸ್ ಕೌಂಟರು. ಕೆಲಸಕ್ಕೆ ಒಟ್ಟು 26 ಜನ. ಅದರಲ್ಲಿ 11 ಮಂದಿ ನಂಜನಗೂಡು, ಎಚ್.ಡಿ. ಕೋಟೆ, ಮಳವಳ್ಳಿ ಕಡೆಯವರು. 6 ಮಂದಿ ಜಾರ್ಖಂಡ್ ಮತ್ತು ಒಡಿಶಾದವರು. ಉಳಿದ 9 ಮಂದಿ ನೇಪಾಳದವರು: ಚೈನೀಸ್ ಕೌಂಟರಿನಲ್ಲಿ ಮೂವರು, ರೂಂ ಬಾಯ್‌ಗಳು ಮೂವರು, ರಾತ್ರಿ ಕಾವಲಿಗೆ ಇಬ್ಬರು, ಪಾತ್ರೆ ತೊಳೆಯಲು ಒಬ್ಬ. ಅಛಾಮ್, ಬಾಜುರಾ, ಕೈಲಾಲಿ ಎಂಬ ದೂರ ಪಶ್ಚಿಮದ ಜಿಲ್ಲೆಗಳು ಅವರ ಊರು.

ಈ ಲಾಡ್ಜು, ಯಜಮಾನರು, ಒಂಬತ್ತು ಮಂದಿ, ಅವರ ಸಂಬಳದ ಅಂಕಿ ಎಲ್ಲವೂ ವಿವರಣೆಗಾಗಿ ಕಟ್ಟಿಕೊಂಡವು. ಕಾನೂನು, ದಿನಾಂಕ ಮತ್ತು ನೇಪಾಳದಲ್ಲಿ ನಡೆದದ್ದು ಇದ್ದದ್ದು ಇದ್ದ ಹಾಗೆ.

2025ರ ಸೆಪ್ಟೆಂಬರ್ 4ರಂದು ನೇಪಾಳ ಸರ್ಕಾರ 26 ಸಾಮಾಜಿಕ ಜಾಲತಾಣಗಳನ್ನು ನಿಲ್ಲಿಸಿತು. ಫೇಸ್‌ಬುಕ್, ವಾಟ್ಸ್‌ಆ್ಯಪ್ ಎರಡೂ ಅದರಲ್ಲಿದ್ದವು. ಮೈಸೂರಿನ ಅಡುಗೆಮನೆಯಲ್ಲಿದ್ದವನಿಗೆ ಇದರ ಅರ್ಥ ಒಂದೇ: ರಾತ್ರಿ ಹನ್ನೊಂದಕ್ಕೆ ಒಲೆ ಆರಿಸಿದ ಮೇಲೆ ಹೆಂಡತಿ, ಮಕ್ಕಳಿಗೆ ಮಾಡುತ್ತಿದ್ದ ವಿಡಿಯೊ ಕರೆ ನಿಂತಿತು. 8ರಂದು ಯುವಜನರ ಪ್ರತಿಭಟನೆಯ ಮೇಲೆ ಗುಂಡು ಹಾರಿ ಒಂದೇ ದಿನ 19 ಮಂದಿ ಸತ್ತರು. 9ರಂದು ಪ್ರಧಾನಿ ಕೆ.ಪಿ. ಶರ್ಮಾ ಓಲಿ ರಾಜೀನಾಮೆ ಕೊಟ್ಟರು. ಸಂಸತ್ ಭವನ, ಸರ್ಕಾರದ ಆಡಳಿತ ಕೇಂದ್ರವಾದ ಸಿಂಹ ದರಬಾರ್, ಸುಪ್ರೀಂ ಕೋರ್ಟ್ ಬೆಂಕಿಗೆ ಸಿಕ್ಕವು. ಕಠ್ಮಂಡುವಿನ ವಿಮಾನ ನಿಲ್ದಾಣ ಮುಚ್ಚಿತು. ಜೈಲುಗಳಿಂದ 13 ಸಾವಿರಕ್ಕೂ ಹೆಚ್ಚು ಕೈದಿಗಳು ತಪ್ಪಿಸಿಕೊಂಡರು. 12ರಂದು ಸುಶೀಲಾ ಕಾರ್ಕಿ ಮಧ್ಯಂತರ ಪ್ರಧಾನಿಯಾದರು, ಸಂಸತ್ತು ವಿಸರ್ಜನೆಯಾಗಿ 2026ರ ಮಾರ್ಚ್ 5ಕ್ಕೆ ಚುನಾವಣೆ ಗೊತ್ತಾಯಿತು.

ನಮ್ಮ ಒಂಬತ್ತು ಮಂದಿಯಲ್ಲಿ ನಾಲ್ವರು 10ನೇ ತಾರೀಕು ಬುಧವಾರ ಬೆಳಗ್ಗೆ ಗಂಟು ಕಟ್ಟಿದರು. ಆ ಲಾಡ್ಜಿನಲ್ಲಿ ಬಟವಾಡೆ ತಿಂಗಳ 10ಕ್ಕೆ, ಅದೂ ಸಂಜೆ. ಆಗಸ್ಟಿನ ಇಡೀ ಸಂಬಳ, ಸೆಪ್ಟೆಂಬರಿನ ಒಂಬತ್ತು ದಿನದ್ದು, ಎರಡೂ ಕೈಗೆ ಬಂದಿರಲಿಲ್ಲ. "ಸಾಹುಕಾರ್, ಈಗ ಕೊಡಿ, ಗಾಡಿ ಇದೆ" ಎಂದರು. ಯಜಮಾನರು, "22ಕ್ಕೆ ದಸರಾ ಶುರು, ಒಂದು ರೂಮೂ ಖಾಲಿ ಇಲ್ಲ, ಈಗ ಬಿಟ್ಟು ಹೋಗ್ತೀರಾ? ವಾಪಸ್ ಬಂದ ಮೇಲೆ ನೋಡೋಣ" ಎಂದರು. ಜಗಳ ಹುಟ್ಟಿದ್ದು ಅಲ್ಲಿ.

ಇಬ್ಬರ ಕಷ್ಟವೂ ನಿಜ. ಮೈಸೂರು ದಸರಾ ಮತ್ತು ನೇಪಾಳದ ದಶೈನ್ ಒಂದೇ ಹಬ್ಬ, ಒಂದೇ ಪಂಚಾಂಗ. ಆ ವರ್ಷ ಎರಡೂ ಕಡೆ ಹಬ್ಬ ಶುರುವಾದದ್ದು ಸೆಪ್ಟೆಂಬರ್ 22ಕ್ಕೆ, ವಿಜಯದಶಮಿ ಅಕ್ಟೋಬರ್ 2ಕ್ಕೆ. ನೇಪಾಳಿಗೆ ವರ್ಷದಲ್ಲಿ ಒಮ್ಮೆ ಹಿರಿಯರ ಕೈಯಿಂದ ಹಣೆಗೆ ಟೀಕಾ ಇಡಿಸಿಕೊಳ್ಳುವ ಹೊತ್ತಿಗೇ ಮೈಸೂರಿನ ಲಾಡ್ಜಿಗೆ ವರ್ಷದ ದುಡಿಮೆ. ಈ ತಿಕ್ಕಾಟ ಪ್ರತಿ ವರ್ಷದ್ದು, 2025ರಲ್ಲಿ ಊರಿನ ಗಲಭೆ ಅದಕ್ಕೆ ಬೆಂಕಿ ಹಚ್ಚಿತು, ಅಷ್ಟೇ. ಆದ್ದರಿಂದ ಇದನ್ನು ಅಪರೂಪದ ಅವಘಡ ಎಂದು ಪಕ್ಕಕ್ಕಿಡಬಾರದು.

ಯಜಮಾನರ ಚೀಟಿ, ಸರಿಯಾದ ಚೀಟಿ

ಹೋದ ನಾಲ್ವರಲ್ಲಿ ಒಬ್ಬ ರೂಂ ಬಾಯ್, 2019ರಿಂದ ಇದ್ದವನು, ತಿಂಗಳಿಗೆ 16,000 ರೂಪಾಯಿ. ಅವನ ಲೆಕ್ಕವನ್ನೇ ಬಿಡಿಸಿ ನೋಡೋಣ. ಆಗಸ್ಟಿನ 16,000, ಸೆಪ್ಟೆಂಬರಿನ 9 ದಿನಕ್ಕೆ 4,800, ಒಟ್ಟು 20,800. ಜುಲೈನಲ್ಲಿ ಮನೆಯ ಚಾವಣಿಗೆಂದು 6,000 ಅಡ್ವಾನ್ಸ್ ತೆಗೆದುಕೊಂಡಿದ್ದ. ಯಜಮಾನರು ಬರೆದ ಚೀಟಿಯಲ್ಲಿ ಅಡ್ವಾನ್ಸ್ ಅಲ್ಲದೆ ಇನ್ನೆರಡು ಕಡಿತಗಳಿದ್ದವು: ನೋಟಿಸ್ ಕೊಡದೆ ಹೋದದ್ದಕ್ಕೆ ಹದಿನೈದು ದಿನದ 8,000, ಯೂನಿಫಾರ್ಮಿಗೆ 1,200. ಉಳಿದದ್ದು 5,600.

ಅಡ್ವಾನ್ಸ್ ಮುರಿದುಕೊಳ್ಳಲು ಕಾನೂನಿನಲ್ಲಿ ದಾರಿ ಇದೆ, ಆದರೆ ಎಲ್ಲ ಕಡಿತ ಸೇರಿ ಆ ಅವಧಿಯ ವೇತನದ ಅರ್ಧ ದಾಟಬಾರದು. 6,000 ಅದರೊಳಗೇ ಇದೆ. ನೋಟಿಸಿನ 8,000ಕ್ಕೆ ಆಧಾರವೇ ಇಲ್ಲ. ನೇಮಕಾತಿ ಪತ್ರವೇ ಕೊಟ್ಟಿಲ್ಲದ ಕಡೆ ನೋಟಿಸಿನ ಷರತ್ತು ಎಲ್ಲಿಂದ ಬಂತು? ವೇತನ ಕಾನೂನಿನಲ್ಲಿ ಈ ಬಗೆಯ ಕಡಿತಕ್ಕೆ ಇರುವ ಅತಿ ಕಠಿಣ ಅವಕಾಶ ನೋಡಿ: ಹತ್ತು ಅಥವಾ ಹೆಚ್ಚು ಮಂದಿ ಒಟ್ಟುಗೂಡಿ, ಸಕಾರಣವಿಲ್ಲದೆ, ಕರಾರಿನಲ್ಲಿ ಬರೆದಿರುವ ನೋಟಿಸ್ ಕೊಡದೆ ಗೈರಾದರೆ, ಹೆಚ್ಚೆಂದರೆ ಎಂಟು ದಿನದ ವೇತನ. 1936ರ ಹಳೆಯ ವೇತನ ಪಾವತಿ ಕಾಯ್ದೆಯಲ್ಲೂ ಹಾಗೆಯೇ ಇತ್ತು, ಅದರ ಜಾಗಕ್ಕೆ ಬಂದ ಈಗಿನ ವೇತನ ಸಂಹಿತೆಯಲ್ಲೂ (ವೇಜ್ ಕೋಡ್) ಹಾಗೆಯೇ ಇದೆ. ಇಲ್ಲಿ ಹೋದವರು ನಾಲ್ವರು, ಕರಾರು ಇಲ್ಲ, ಕಾರಣ ಇಡೀ ಜಗತ್ತು ಟಿವಿಯಲ್ಲಿ ನೋಡಿದ್ದು. ಯೂನಿಫಾರ್ಮಿನ 1,200 ಕೂಡ ನಿಲ್ಲದು. ಕಾಪಾಡಲೆಂದು ನಿರ್ದಿಷ್ಟವಾಗಿ ವಹಿಸಿಕೊಟ್ಟ ವಸ್ತು ಕೆಲಸಗಾರನ ಅಲಕ್ಷ್ಯದಿಂದ ಹಾಳಾದರೆ ಮಾತ್ರ, ಅದೂ ಅವನ ಮಾತು ಕೇಳಿದ ಮೇಲೆ, ನಷ್ಟ ಹಿಡಿಯಬಹುದು. ಎರಡು ವರ್ಷ ತೊಟ್ಟು ಸವೆದ ಅಂಗಿ ಆ ಲೆಕ್ಕಕ್ಕೆ ಬರುವುದಿಲ್ಲ.

ಸರಿಯಾದ ಬಾಕಿ 14,800. ಎರಡು ಚೀಟಿಗಳ ನಡುವಿನ ಅಂತರ 9,200. ನೇಪಾಳದ ಒಂದು ಹಳ್ಳಿಯಲ್ಲಿ ಅದು 14,720 ನೇಪಾಳಿ ರೂಪಾಯಿ. ವಿನಿಮಯ ದರ 1ಕ್ಕೆ 1.6 ಎಂದು 1993ರಿಂದ ಬದಲಾಗಿಲ್ಲ.

ಹಳೆಯ ವೇತನ ಪಾವತಿ ಕಾಯ್ದೆ ಎಲ್ಲ ಬಗೆಯ ಸಂಸ್ಥೆಗೂ ನೇರವಾಗಿ ತಾಗುತ್ತಿರಲಿಲ್ಲ, 24,000 ರೂಪಾಯಿಯ ವೇತನ ಮಿತಿಯೂ ಇತ್ತು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು 29 ಹಳೆಯ ಕಾನೂನುಗಳ ಜಾಗ ತೆಗೆದುಕೊಂಡವು. ವೇತನ ಸಂಹಿತೆಗೆ ಈಗ ಆ ಮಿತಿ ಇಲ್ಲ, ಸಂಸ್ಥೆ ದೊಡ್ಡದೋ ಚಿಕ್ಕದೋ ಎಂಬುದೂ ಇಲ್ಲ. ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಕೊಡಬೇಕು. 10ನೇ ತಾರೀಕಿನ ಬಟವಾಡೆ ಇನ್ನು ನಡೆಯದು. ಈ ಪ್ರಕರಣದಲ್ಲಿ 7ರ ನಿಯಮ ಪಾಲಿಸಿದ್ದರೆ ಆಗಸ್ಟಿನ ಹಣ ಗಲಭೆಗೆ ಮುಂಚೆಯೇ ಅವರ ಜೇಬಿನಲ್ಲಿರುತ್ತಿತ್ತು, ಜಗಳ 4,800ಕ್ಕೆ ಮಾತ್ರ ಇರುತ್ತಿತ್ತು. ಇನ್ನೊಂದು ದೊಡ್ಡ ಬದಲಾವಣೆ: ಕೆಲಸಗಾರನನ್ನು ತೆಗೆದರೂ ಅವನೇ ಬಿಟ್ಟರೂ ಎರಡು ಕೆಲಸದ ದಿನಗಳೊಳಗೆ ಲೆಕ್ಕ ಚುಕ್ತಾ ಆಗಬೇಕು. ಹಿಂದೆ ಈ ಎರಡು ದಿನದ ಗಡುವು ಮಾಲೀಕರು ತೆಗೆದಾಗ ಮಾತ್ರ ಅನ್ವಯವಾಗುತ್ತಿತ್ತು.

ಕೊಡದಿದ್ದರೆ ಮೂರು ವರ್ಷದೊಳಗೆ ಅರ್ಜಿ ಹಾಕಬಹುದು. ಪ್ರಾಧಿಕಾರ ಬಾಕಿಯ ಜೊತೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಆದೇಶಿಸಬಹುದು. ಕೊಟ್ಟಿದ್ದೇನೆ ಎಂದು ರುಜುವಾತು ಮಾಡುವ ಹೊರೆ ಮಾಲೀಕರದ್ದು. ಆದರೆ ನಮ್ಮ ನಾಲ್ವರ ಬಾಕಿ ಹುಟ್ಟಿದ್ದು ಸೆಪ್ಟೆಂಬರಿನಲ್ಲಿ, ಸಂಹಿತೆ ಜಾರಿಗೆ ಮುಂಚೆ. ಹಳೆಯ ಕಾಯ್ದೆಗಳಲ್ಲಿ ಅರ್ಜಿಯ ಗಡುವು ವೇತನ ಪಾವತಿಗೆ 12 ತಿಂಗಳು, ಕನಿಷ್ಠ ವೇತನಕ್ಕೆ 6 ತಿಂಗಳು. ಹೊಸ ಮೂರು ವರ್ಷವನ್ನು ನಂಬಿ ಕೂರುವುದು ಜಾಣತನವಲ್ಲ, ಹಳೆಯ ಗಡುವಿನೊಳಗೇ ಬರವಣಿಗೆಯಲ್ಲಿ ಕೇಳಿಬಿಡಬೇಕು.

ಎಲ್ಲರ ಸಂಬಳ ಒಬ್ಬನ ಫೋನಿಗೆ

ಜಗಳ ಬಿಗಡಾಯಿಸಲು ಒಳಗಿನ ಕಾರಣ ಇನ್ನೊಂದಿತ್ತು. ಒಂಬತ್ತು ಮಂದಿಯಲ್ಲಿ ಬ್ಯಾಂಕ್ ಖಾತೆ ಇದ್ದದ್ದು ಮೂವರಿಗೆ. ಉಳಿದ ಆರು ಜನರ ಸಂಬಳವನ್ನು ಯಜಮಾನರು ಚೈನೀಸ್ ಕೌಂಟರಿನ ಹಿರಿಯ ಅಡುಗೆಯವನಿಗೆ ಒಟ್ಟಿಗೆ ಯುಪಿಐ ಮಾಡುತ್ತಿದ್ದರು, ಅವನು ಹಂಚುತ್ತಿದ್ದ. ಅವರನ್ನೆಲ್ಲ ಕರೆತಂದವನೂ ಅವನೇ, ಎಲ್ಲರೂ "ದಾಜು" ಅಂತಲೇ ಕರೆಯುವುದು, ನಮ್ಮಲ್ಲಿ ಅಣ್ಣ ಅಂದ ಹಾಗೆ. 10ರಂದು ಮೊದಲು ಹೊರಟವನು ಅವನೇ. ಉಳಿದವರ ಜುಲೈ ಬಾಕಿ ಎಷ್ಟು, ಯಾರ ಅಡ್ವಾನ್ಸ್ ಎಷ್ಟು ಎಂಬುದು ಅವನ ತಲೆಯಲ್ಲಿ ಮಾತ್ರ ಇತ್ತು.

ಹೀಗೆ ಹಂಚುವವನಿಗೆ ಕೊಟ್ಟರೆ ಮಾಲೀಕರ ಹೊಣೆ ತೀರುವುದಿಲ್ಲ. ಪ್ರತಿ ಕೆಲಸಗಾರನಿಗೂ ವೇತನ ಸೇರಿಸುವ ಜವಾಬ್ದಾರಿ ಮಾಲೀಕರದ್ದೇ. ನಡುವೆ ಗುತ್ತಿಗೆದಾರನಿದ್ದು ಅವನು ಕೊಡದಿದ್ದರೂ ಸಂಸ್ಥೆಯೇ ಕೊಡಬೇಕು. ಹಾಜರಿ ಪುಸ್ತಕದಲ್ಲಿ ಒಂಬತ್ತು ಹೆಸರಿಗೂ ಬೇರೆ ಬೇರೆ ಸಾಲು, ಬೇರೆ ಬೇರೆ ಸಹಿ ಬೇಕು. ಖಾತೆ ಇಲ್ಲದವನಿಗೆ ನಗದೇ ಕೊಡಬಹುದು, ಸಂಹಿತೆ ಅದಕ್ಕೆ ಅಡ್ಡಿ ಮಾಡುವುದಿಲ್ಲ. ಸಹಿ ಹಾಕಿಸಿಕೊಳ್ಳಬೇಕು, ವೇತನ ಚೀಟಿ ಕೊಡಬೇಕು, ಅಷ್ಟೇ.

ವಿದೇಶಿ, ಆದರೆ ವಲಸಿಗನಲ್ಲ

ನವೆಂಬರ್ ಕೊನೆಗೆ ನಾಲ್ವರಲ್ಲಿ ಮೂವರು ವಾಪಸ್ ಬಂದರು. ಇತ್ತ ಯಜಮಾನರು ಸಂಹಿತೆಗಳ ಸುದ್ದಿ ಕೇಳಿ ಒಬ್ಬ ಸಲಹೆಗಾರರನ್ನು ಹಿಡಿದಿದ್ದರು. ಸಲಹೆಗಾರರು ಪಟ್ಟಿ ನೋಡಿ ಎರಡು ತಪ್ಪು ಬರೆದರು, ಎರಡೂ ಬಹಳ ಕಡೆ ಕಾಣುವ ತಪ್ಪುಗಳು.

ಮೊದಲನೆಯದು, ಜಾರ್ಖಂಡ್, ಒಡಿಶಾದ 6 ಮಂದಿ ಮತ್ತು ನೇಪಾಳದ 9 ಮಂದಿಯನ್ನು ಕೂಡಿಸಿ "ಅಂತರರಾಜ್ಯ ವಲಸೆ ಕಾರ್ಮಿಕರು 15" ಎಂದು ಬರೆದದ್ದು. ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯ ವ್ಯಾಖ್ಯಾನದಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕ ಎಂದರೆ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಬಂದವನು, ವೇತನ 18,000 ಮೀರದವನು. ಹಳೆಯ 1979ರ ಕಾಯ್ದೆಗೆ ಹೋಲಿಸಿದರೆ ಇಲ್ಲಿ ಒಂದು ಸುಧಾರಣೆ ಇದೆ: ಗುತ್ತಿಗೆದಾರ ಕರೆತರದಿದ್ದರೂ, ತಾನಾಗಿ ಬಂದವನೂ ಈಗ ಸೇರುತ್ತಾನೆ. ಆದರೆ ರಾಜ್ಯದಿಂದ ರಾಜ್ಯಕ್ಕೆ ಎಂಬ ಮಾತಿನೊಳಗೆ ಅಛಾಮ್ ಜಿಲ್ಲೆ ಬರುವುದಿಲ್ಲ. ವರ್ಷಕ್ಕೊಮ್ಮೆ ಊರಿಗೆ ಹೋಗಿ ಬರುವ ಪ್ರಯಾಣದ ಹಣವನ್ನು ಮಾಲೀಕರೇ ಕೊಡಬೇಕೆಂಬ ಸೌಲಭ್ಯ ಇರುವುದು ಈ ವ್ಯಾಖ್ಯಾನದೊಳಗಿನವರಿಗೆ, ಅದೂ ಅಂಥವರು ಹತ್ತು ಅಥವಾ ಹೆಚ್ಚು ಇರುವ ಸಂಸ್ಥೆಯಲ್ಲಿ. ಈ ಲಾಡ್ಜಿನಲ್ಲಿ ಅಂಥವರು 6. ಹಾಗಾಗಿ ಜಾರ್ಖಂಡಿನವನಿಗೂ ಕಾನೂನಿನ ಬಲದಿಂದ ಟಿಕೆಟ್ ಹಣ ಸಿಗದು, ನೇಪಾಳಿಗಂತೂ ಸಂಖ್ಯೆ ಎಷ್ಟಿದ್ದರೂ ಸಿಗದು.

ಅತ್ತ ನೇಪಾಳದ ಕಡೆಯಿಂದ ನೋಡಿ. ಕೊಲ್ಲಿ ದೇಶಗಳಿಗೋ ಮಲೇಷ್ಯಾಕ್ಕೋ ಹೋಗುವ ನೇಪಾಳಿ ತನ್ನ ಸರ್ಕಾರದಿಂದ ಶ್ರಮ ಸ್ವೀಕೃತಿ ಎಂಬ ಅನುಮತಿ ಪಡೆದು ಹೋಗುತ್ತಾನೆ. ಅದರ ಬೆನ್ನಿಗೆ ವಿದೇಶಿ ಉದ್ಯೋಗದ ಕಲ್ಯಾಣ ನಿಧಿ ಇದೆ. ಭಾರತಕ್ಕೆ ಬರಲು ಆ ಸ್ವೀಕೃತಿ ಬೇಡ, ಆದ್ದರಿಂದ ಆ ನಿಧಿಯ ರಕ್ಷಣೆಯೂ ಇಲ್ಲ. ಅವನ ದೇಶ ಅವನನ್ನು ಹೊರದೇಶಕ್ಕೆ ಹೋದವನೆಂದು ಲೆಕ್ಕ ಹಾಕುವುದಿಲ್ಲ, ನಮ್ಮ ದೇಶ ಅವನನ್ನು ವಲಸೆ ಬಂದವನೆಂದು ಲೆಕ್ಕ ಹಾಕುವುದಿಲ್ಲ. ಗಡಿ ತೆರೆದಿದೆ ಎಂಬ ದೊಡ್ಡ ಉಪಕಾರದ ನೆರಳಿನಲ್ಲೇ ಈ ಸಂದು ಇದೆ. ಕಾರ್ಮಿಕ ಕಾನೂನಿನ ಇಷ್ಟು ದೊಡ್ಡ ಸುಧಾರಣೆಯಲ್ಲಿ ಇದನ್ನು ಮುಚ್ಚದೆ ಬಿಟ್ಟದ್ದು ದೊಡ್ಡ ಕೊರತೆ.

ಉಳಿದ ಎಲ್ಲದರಲ್ಲೂ ಅವನು ಕೆಲಸಗಾರನೇ. ವೇತನ ಸಂಹಿತೆ ಉದ್ಯೋಗಿ ಎನ್ನುತ್ತದೆ, ಭಾರತೀಯ ಎನ್ನುವುದಿಲ್ಲ. 1950ರ ಜುಲೈ 31ರ ಭಾರತ-ನೇಪಾಳ ಶಾಂತಿ ಮತ್ತು ಮೈತ್ರಿ ಒಪ್ಪಂದದ 7ನೇ ವಿಧಿ ವಾಸ, ಆಸ್ತಿ, ವ್ಯಾಪಾರ, ಸಂಚಾರದಲ್ಲಿ ಪರಸ್ಪರ ಸಮಾನ ಸೌಲಭ್ಯ ಕೊಡುತ್ತದೆ. 2025ರ ಸೆಪ್ಟೆಂಬರ್ 1ರಂದು ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಯಾದಾಗಲೂ, ನೇಪಾಳದ ಗಡಿ ದಾಟಿ ಬರುವ ನೇಪಾಳಿ ಪ್ರಜೆಗೆ ಪಾಸ್‌ಪೋರ್ಟ್, ವೀಸಾದಿಂದ ವಿನಾಯಿತಿ ಮುಂದುವರಿಯಿತು. ಹೋಟೆಲಿನಲ್ಲಿ ಕೆಲಸ ಮಾಡಲು ಅವನಿಗೆ ಪರವಾನಗಿ ಬೇಡ.

ಪಿಎಫ್‌ನಲ್ಲಿ ಬಿದ್ದ ತಪ್ಪು ಗುರುತು

ಸಲಹೆಗಾರರ ಎರಡನೇ ತಪ್ಪು ಭವಿಷ್ಯ ನಿಧಿಯದು. ರಾಷ್ಟ್ರೀಯತೆ ನೇಪಾಳ ಎಂದು ಕಂಡ ಕೂಡಲೇ "ಅಂತರರಾಷ್ಟ್ರೀಯ ಕೆಲಸಗಾರ" ಎಂದು ಗುರುತು ಹಾಕಿದರು. ಹಾಗೆ ಹಾಕಿದರೆ 15,000ದ ವೇತನ ಮಿತಿ ಹೋಗಿ ಪೂರ್ತಿ ವೇತನದ ಮೇಲೆ ವಂತಿಗೆ ಕಟ್ಟಬೇಕಾಗುತ್ತದೆ, ಹಣ ತೆಗೆಯಲು ಸಾಮಾನ್ಯವಾಗಿ 58ರವರೆಗೆ ಕಾಯಬೇಕಾಗುತ್ತದೆ. ಭವಿಷ್ಯ ನಿಧಿ ಯೋಜನೆಯ 83ನೇ ಪ್ಯಾರಾ ನೇಪಾಳದವರನ್ನು 1950ರ ಒಪ್ಪಂದದ ಕಾರಣಕ್ಕೆ, ಭೂತಾನಿನವರನ್ನು 2007ರ ಒಪ್ಪಂದದ ಕಾರಣಕ್ಕೆ ಭಾರತೀಯ ಕೆಲಸಗಾರರೆಂದೇ ಭಾವಿಸುತ್ತದೆ. ಈ ಪ್ಯಾರಾವನ್ನು ಕರ್ನಾಟಕ ಹೈಕೋರ್ಟ್ 2024ರ ಏಪ್ರಿಲ್‌ನಲ್ಲಿ ಅಸಾಂವಿಧಾನಿಕ ಎಂದಿತು, ದೆಹಲಿ ಹೈಕೋರ್ಟ್ 2025ರಲ್ಲಿ ಎತ್ತಿಹಿಡಿಯಿತು. ಆ ತಗಾದೆ ಬೇರೆ ದೇಶದವರ ವಿಷಯ, ನೇಪಾಳಿ ಯಾವ ದಾರಿಯಲ್ಲಿ ಹೋದರೂ ಸಾಮಾನ್ಯ ಸದಸ್ಯನೇ. ಸಾಮಾಜಿಕ ಭದ್ರತಾ ಸಂಹಿತೆ ಬಂದರೂ ಹಳೆಯ ಯೋಜನೆಗಳು ಅದಕ್ಕೆ ವಿರುದ್ಧವಾಗದ ಮಟ್ಟಿಗೆ ಒಂದು ವರ್ಷ ಮುಂದುವರಿಯುವಂತೆ ಕಾನೂನಿನಲ್ಲೇ ಬರೆದಿದೆ.

ಈಗ ಅಂಕಿ. ಲಾಡ್ಜಿನ ಪುಸ್ತಕದಲ್ಲಿ 16,000ವನ್ನು ಮೂಲ ವೇತನ 7,000, ಮನೆ ಬಾಡಿಗೆ ಭತ್ಯೆ 5,000, ಪ್ರಯಾಣ ಭತ್ಯೆ 4,000 ಎಂದು ಒಡೆದಿದ್ದರು. ಸಂಹಿತೆಯಲ್ಲಿ ವೇತನದಿಂದ ಹೊರಗಿಟ್ಟ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧ ಮೀರಿದರೆ, ಮೀರಿದ ಭಾಗ ವೇತನಕ್ಕೇ ಸೇರುತ್ತದೆ. ಭತ್ಯೆ 9,000, ಅರ್ಧ 8,000, ಮೀರಿದ 1,000 ಸೇರಿ ವೇತನ 8,000. ಅಲ್ಲಿಗೆ ಮುಗಿಯಿತು ಎಂದುಕೊಂಡರೆ ಅದು ಹೊಸ ತಪ್ಪು. 50 ಶೇಕಡಾದ ಲೆಕ್ಕಕ್ಕಿಂತ ಮೊದಲು ನೋಡಬೇಕಾದದ್ದು ಹೋಟೆಲ್ ಉದ್ಯಮಕ್ಕೆ ರಾಜ್ಯ ಸರ್ಕಾರ ಗೊತ್ತುಪಡಿಸಿದ ಕನಿಷ್ಠ ವೇತನ, ಅದರ ಮೇಲೆ ಪ್ರತಿ ಏಪ್ರಿಲ್ 1ಕ್ಕೆ ಬದಲಾಗುವ ತುಟ್ಟಿಭತ್ಯೆ. ಈ ಎರಡೂ ಸೇರಿದ ಮೊತ್ತಕ್ಕಿಂತ ಕಡಿಮೆ ಮೂಲ ವೇತನ ಬರೆದು, ಉಳಿದದ್ದನ್ನು ಭತ್ಯೆಯಲ್ಲಿ ಮುಚ್ಚುವುದು ನಿಲ್ಲದು. ಲಾಡ್ಜು ಕೊನೆಗೆ ಮೂಲ ವೇತನ ಮತ್ತು ತುಟ್ಟಿಭತ್ಯೆ 14,000, ಬಾಡಿಗೆ ಭತ್ಯೆ 2,000 ಎಂದು ಬದಲಿಸಿತು. ಪಿಎಫ್ ಶೇ 12 ಎಂದರೆ ಕೆಲಸಗಾರನಿಂದ 1,680, ಮಾಲೀಕರಿಂದ 1,680. ಮಾಲೀಕರ ಪಾಲಿನಲ್ಲಿ ಶೇ 8.33, ಅಂದರೆ 1,166 ಪಿಂಚಣಿಗೆ ಹೋಗುತ್ತದೆ. ನೌಕರರ ವಿಮೆ ಇಎಸ್‌ಐಗೆ ಕೆಲಸಗಾರನಿಂದ ಶೇ 0.75, 105 ರೂಪಾಯಿ. ಮಾಲೀಕರಿಂದ ಶೇ 3.25, 455.

20 ಅಥವಾ ಹೆಚ್ಚು ಮಂದಿ ಇರುವ ಸಂಸ್ಥೆಗೆ ಪಿಎಫ್ ಮೊದಲಿಂದಲೂ ಕಡ್ಡಾಯವೇ. ಆದರೂ ಈ ಲಾಡ್ಜಿನಲ್ಲಿ ಸ್ಥಳೀಯ 11 ಜನರನ್ನು ಮಾತ್ರ ಸೇರಿಸಿದ್ದರು. ಹಳೆಯದನ್ನು ಸರಿಪಡಿಸಲು 2025ರ ನವೆಂಬರ್ 1ರಿಂದ 2026ರ ಏಪ್ರಿಲ್ 30ರವರೆಗೆ ಒಂದು ಕಿಟಕಿ ತೆರೆದಿತ್ತು, ಉದ್ಯೋಗಿಗಳ ನೋಂದಣಿ ಯೋಜನೆ. 2017ರ ಜುಲೈ 1ರಿಂದ 2025ರ ಅಕ್ಟೋಬರ್ 31ರ ನಡುವೆ ಕೆಲಸಕ್ಕೆ ಸೇರಿ ಪಿಎಫ್‌ಗೆ ಸೇರದೆ ಉಳಿದವರನ್ನು ಘೋಷಿಸಬಹುದಿತ್ತು. ಸಂಬಳದಲ್ಲಿ ಮುರಿದಿರದಿದ್ದರೆ ಕೆಲಸಗಾರನ ಪಾಲು ಮಾಫಿ. ಮಾಲೀಕರು ತಮ್ಮ ಪಾಲು, ಬಡ್ಡಿ ಮತ್ತು ದಂಡವಾಗಿ ಬರೀ 100 ರೂಪಾಯಿ ಕಟ್ಟಬೇಕಿತ್ತು. ಘೋಷಣೆಯ ದಿನ ಆ ವ್ಯಕ್ತಿ ಅದೇ ಸಂಸ್ಥೆಯಲ್ಲಿ ಕೆಲಸದಲ್ಲಿರಬೇಕು ಎಂಬುದು ಷರತ್ತಾಗಿತ್ತು. ವಾಪಸ್ ಬಂದ ಮೂವರು ಅದರೊಳಗೆ ಬಂದರು. ಬರದ ನಾಲ್ಕನೆಯವನು ಹೊರಗುಳಿದ.

ಹುಟ್ಟಿದ ದಿನ 2052

ನೋಂದಣಿಯಲ್ಲಿ ಅತಿ ಹೆಚ್ಚು ಎಡವುವುದು ಕಾಗದದಲ್ಲಿ. ನೇಪಾಳಿಗಳ ಬಳಿ ಇರುವುದು ಸಾಮಾನ್ಯವಾಗಿ ನಾಗರಿಕತಾ ಪ್ರಮಾಣಪತ್ರ. ಅದರಲ್ಲಿ ದಿನಾಂಕ ವಿಕ್ರಮ ಸಂವತ್ ಎಂಬ ನೇಪಾಳದ ಪಂಚಾಂಗದ್ದು. 2052 ಎಂದಿದ್ದರೆ ಗುಮಾಸ್ತ ಗಾಬರಿಯಾಗಿ 1 ಜನವರಿ ಎಂದು ಯಾವುದೋ ವರ್ಷ ಹಾಕಿಬಿಡುತ್ತಾನೆ. ಆ ಪಂಚಾಂಗದ ವರ್ಷ ಏಪ್ರಿಲ್ ನಡುವಿನಲ್ಲಿ ಶುರುವಾಗುತ್ತದೆ. ವೈಶಾಖದಿಂದ ಪೌಷದ ನಡುವಿನವರೆಗೆ 57 ಕಳೆಯಬೇಕು, ಅಲ್ಲಿಂದ ಚೈತ್ರದವರೆಗೆ 56. ಹಾಗಾಗಿ 2052ರ ಆಶ್ವಿನ ಎಂದರೆ 1995, ಅದೇ 2052ರ ಮಾಘ ಎಂದರೆ 1996. ಈ ಒಂದು ವರ್ಷದ ವ್ಯತ್ಯಾಸಕ್ಕೆ ಆಧಾರ್, ಬ್ಯಾಂಕ್, ಪಿಎಫ್ ಮೂರೂ ಹೊಂದದೆ ಹತ್ತು ವರ್ಷ ಕಳೆದ ಮೇಲೆ ಹಣ ಸಿಕ್ಕಿಹಾಕಿಕೊಳ್ಳುತ್ತದೆ. ಹೆಸರಿನ ನಡುವಿನ "ಬಹಾದುರ್" ಒಂದು ಕಡೆ ಪೂರ್ತಿ, ಇನ್ನೊಂದು ಕಡೆ ಬರೀ ಒಂದಕ್ಷರ ಆಗುವುದೂ ಅಷ್ಟೇ ಕಾಡುತ್ತದೆ.

ಆಧಾರ್ ನೇಪಾಳಿಗೂ ಸಿಗುತ್ತದೆ. ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿ ಇದ್ದಿರಬೇಕು. ಪಾಸ್‌ಪೋರ್ಟ್ ಇದ್ದರೆ ಅದು. ಇಲ್ಲದಿದ್ದರೆ ನಾಗರಿಕತಾ ಪತ್ರದ ಜೊತೆ ಭಾರತದಲ್ಲಿರುವ ನೇಪಾಳ ರಾಜತಾಂತ್ರಿಕ ಕಚೇರಿ ಕೊಡುವ ಸೀಮಿತ ಅವಧಿಯ ಭಾವಚಿತ್ರದ ಗುರುತುಪತ್ರ. ಹೀಗೆ ಪಡೆದ ಆಧಾರ್ 10 ವರ್ಷಕ್ಕೆ. ಸಾಮಾಜಿಕ ಭದ್ರತಾ ಸಂಹಿತೆಯೂ ವಿದೇಶಿ ಉದ್ಯೋಗಿ ನಿವಾಸಿಯಾದ ಮೇಲೆ ಆಧಾರ್ ಪಡೆದು ಕೊಡಬೇಕು ಎನ್ನುತ್ತದೆ. 2025ರ ಆಗಸ್ಟ್ 1ರಿಂದ ಪಿಎಫ್‌ನ ಯುಎಎನ್ ಸಂಖ್ಯೆಗೆ (ಸದಸ್ಯನ ಖಾಯಂ ಸಂಖ್ಯೆ) ಸರ್ಕಾರದ ಉಮಂಗ್ ಆ್ಯಪಿನಲ್ಲಿ ಮುಖ ತೋರಿಸುವುದು ಕಡ್ಡಾಯವಾದರೂ ನೇಪಾಳ, ಭೂತಾನ್ ಪ್ರಜೆಗಳಿಗೆ ಮಾಲೀಕರ ಮೂಲಕ ಮಾಡಿಸುವ ಹಳೆಯ ದಾರಿ ಉಳಿದಿದೆ. "ಆಧಾರ್ ಇಲ್ಲ, ಅದಕ್ಕೇ ಪಿಎಫ್ ಇಲ್ಲ" ಎಂಬ ನೆವ ಆದ್ದರಿಂದ ಸಲ್ಲದು. ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳಬೇಕು: ಏಜೆಂಟರು ಮಾಡಿಸಿಕೊಡುವ ಮತದಾರರ ಗುರುತಿನ ಚೀಟಿಯನ್ನು ಯಾವ ನೇಪಾಳಿಯೂ ಮುಟ್ಟಬಾರದು. ಮತದಾರರ ಪಟ್ಟಿಗೆ ಸುಳ್ಳು ಘೋಷಣೆ ಅಪರಾಧ, ಸಿಕ್ಕಿಬೀಳುವವನು ಏಜೆಂಟನಲ್ಲ.

ಸೆಪ್ಟೆಂಬರಿನಲ್ಲಿ ಕೈದಿಗಳು ತಪ್ಪಿಸಿಕೊಂಡ ಸುದ್ದಿ ಹರಡಿ ಗಡಿಯಲ್ಲಿ ಸಶಸ್ತ್ರ ಸೀಮಾ ಬಲ ತಪಾಸಣೆ ಬಿಗಿ ಮಾಡಿತು, ಹಲವರನ್ನು ಹಿಡಿಯಿತು. ಇಲ್ಲಿ ಯಜಮಾನರು ಹೆದರಿ, ಉಳಿದ ಐವರ ನಾಗರಿಕತಾ ಪತ್ರದ ಮೂಲವನ್ನೇ ಗಲ್ಲಾದಲ್ಲಿಟ್ಟು ಬೀಗ ಹಾಕಿದರು. ಅದು ತಪ್ಪು. ಗಡಿಯಲ್ಲಿ ಗುರುತು ಕೇಳುವ ಹೊತ್ತಿನಲ್ಲೇ ಆ ಕಾಗದ ಅವನ ಕೈಯಲ್ಲಿರಬೇಕು. ನಕಲು, ಫೋಟೊ, ಫೋನ್ ನಂಬರು, ಊರಿನ ಒಬ್ಬರ ನಂಬರು, ಇಷ್ಟು ಇಟ್ಟುಕೊಂಡು ಠಾಣೆಗೆ ಪಟ್ಟಿ ಕೊಟ್ಟರೆ ಮಾಲೀಕರ ಎಚ್ಚರಿಕೆಗೂ ಅದು ಸಾಕು.

ಉಳಿದ ಐವರ ದಸರಾ

ಊರಿಗೆ ಹೋಗದೆ ಉಳಿದ ಐವರು ಆ 11 ದಿನ ಹನ್ನೆರಡು ಗಂಟೆ ದುಡಿದರು. ಜಂಬೂಸವಾರಿ ಮುಗಿದ ರಾತ್ರಿ ಯಜಮಾನರು ತಲಾ 1,000 ಇನಾಮು ಕೊಟ್ಟರು. ಇನಾಮು ಸಂತೋಷಕ್ಕೆ; ಓಟಿ, ಅಂದರೆ ಹೆಚ್ಚು ಗಂಟೆ ದುಡಿದದ್ದರ ಕೂಲಿ, ಹಕ್ಕಿಗೆ. ಒಂದರ ಬದಲು ಇನ್ನೊಂದು ಆಗದು. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961 ರಾಜ್ಯದ ಕಾನೂನು, ಸಂಹಿತೆಗಳು ಅದನ್ನು ರದ್ದು ಮಾಡಿಲ್ಲ. ದಿನಕ್ಕೆ 9 ಗಂಟೆ, ವಾರಕ್ಕೆ 48. ಓಟಿ ಸೇರಿದರೂ ದಿನಕ್ಕೆ 10 ದಾಟಬಾರದು. ಹನ್ನೆರಡು ಗಂಟೆಯ ಪಾಳಿಯೇ ಉಲ್ಲಂಘನೆ, ಆದರೂ ಮಾಡಿದ ಕೆಲಸಕ್ಕೆ ದುಪ್ಪಟ್ಟು ಕೊಡಲೇಬೇಕು. ವೇತನ 14,000 ಇದ್ದವನಿಗೆ ಅದನ್ನು 26 ದಿನಕ್ಕೆ ಹಂಚಿದರೆ 538.46, ಎಂಟು ಗಂಟೆಗೆ ಹಂಚಿದರೆ 67.31, ದುಪ್ಪಟ್ಟು 134.62. ದಿನಕ್ಕೆ 3 ಗಂಟೆಯಂತೆ 33 ಗಂಟೆಗೆ 4,442 ರೂಪಾಯಿ. ಆ ವರ್ಷ ವಿಜಯದಶಮಿ ಅಕ್ಟೋಬರ್ 2ರಂದೇ ಬಂತು, ಗಾಂಧಿ ಜಯಂತಿ. ರಾಜ್ಯದ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆ ಕಾಯ್ದೆಯಲ್ಲಿ ಅದು ಕಡ್ಡಾಯ ಸಂಬಳದ ರಜೆ. ಅಂದು ದುಡಿಸಿದರೆ ದುಪ್ಪಟ್ಟು ವೇತನ, ಇಲ್ಲವೇ ಬದಲಿ ರಜೆ.

ಸೇವೆ ಮುರಿಯಿತೇ?

ವಾಪಸ್ ಬಂದ ಮೂವರಲ್ಲಿ ನಮ್ಮ ರೂಂ ಬಾಯ್‌ನೂ ಒಬ್ಬ. ಅವರನ್ನು ಯಜಮಾನರು ಕೆಲಸಕ್ಕೆ ಸೇರಿಸಿಕೊಂಡರು, ಆದರೆ "ಹೊಸದಾಗಿ ಸೇರಿದ ಹಾಗೆ" ಎಂದರು. ಈ ಒಂದು ಮಾತು 2019ರಿಂದ ಇದ್ದವನಿಗೆ ಎಷ್ಟು ತುಟ್ಟಿ ಎಂದರೆ, ಗ್ರಾಚ್ಯುಟಿಯ (ಕೆಲಸ ಬಿಡುವಾಗ ಸೇವೆಗೆ ಸಿಗುವ ಇಡುಗಂಟು) ಲೆಕ್ಕ 14,000ವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿ ಆರು ವರ್ಷಕ್ಕೆ 48,462 ರೂಪಾಯಿ. ಹೊಸ ಸೇರ್ಪಡೆ ಎಂದು ಒಪ್ಪಿ ಸಹಿ ಹಾಕಿದರೆ ಮುಂದೆ ಅದನ್ನು ಕೇಳುವುದೇ ಕಷ್ಟ.

ಸಾಮಾಜಿಕ ಭದ್ರತಾ ಸಂಹಿತೆಯ ನಿರಂತರ ಸೇವೆಯ ವ್ಯಾಖ್ಯಾನ ಇಲ್ಲಿ ಕೈ ಹಿಡಿಯುತ್ತದೆ. ಕಾಯಿಲೆ, ರಜೆ ಮಾತ್ರವಲ್ಲ, ರಜೆ ಹಾಕದೆ ಗೈರಾದದ್ದೂ ಸೇವೆಯನ್ನು ಮುರಿಯುವುದಿಲ್ಲ. ಸಂಸ್ಥೆಯ ಸ್ಥಾಯಿ ಆದೇಶ (ಕೆಲಸದ ಷರತ್ತುಗಳ ಲಿಖಿತ ನಿಯಮಾವಳಿ) ಅಥವಾ ನಿಯಮಗಳ ಪ್ರಕಾರ ಸೇವೆ ಮುರಿದಿದೆ ಎಂದು ಆದೇಶ ಹೊರಡಿಸಿದ್ದರೆ ಮಾತ್ರ ಮುರಿಯುತ್ತದೆ. ಸ್ಥಾಯಿ ಆದೇಶ ಈಗ ಕಡ್ಡಾಯವಿರುವುದು 300 ಕೆಲಸಗಾರರಿರುವ ಕಡೆ. 26 ಜನರ ಲಾಡ್ಜಿನಲ್ಲಿ ಅಂಥ ನಿಯಮವೂ ಇಲ್ಲ, ಆದೇಶವೂ ಆಗಿರಲಿಲ್ಲ. ಲೆಕ್ಕ ಚುಕ್ತಾ ಮಾಡಿ ರಾಜೀನಾಮೆ ಬರೆಸಿಕೊಂಡೂ ಇರಲಿಲ್ಲ. ಯಜಮಾನರು ಸೆಪ್ಟೆಂಬರಿನಲ್ಲಿ ಬಾಕಿ ಕೊಡದೆ ಹಿಡಿದಿಟ್ಟದ್ದೇ ಅವರು ಕೆಲಸ ಬಿಟ್ಟಿರಲಿಲ್ಲ ಎಂಬುದಕ್ಕೆ ಸಾಕ್ಷಿಯಾಯಿತು. ಸೇವೆ ಮುಂದುವರಿದಿದೆ ಎಂದು ಕೊನೆಗೆ ಬರೆದುಕೊಟ್ಟರು. ಮೂವರ ಬಾಕಿಯೂ ಕೊಟ್ಟಾಯಿತು, ಐವರ ಓಟಿಯೂ.

ಆ ಬರಹದ ಜಾಗ ನೇಮಕಾತಿ ಪತ್ರ. ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿ ಹೊಸಬರಿಗೆ ಮಾತ್ರವಲ್ಲ, ಹಿಂದೆಯೇ ಸೇರಿ ಪತ್ರ ಸಿಗದವರಿಗೂ ಜಾರಿಯಾದ ಮೂರು ತಿಂಗಳೊಳಗೆ, ಅಂದರೆ 2026ರ ಫೆಬ್ರವರಿ 20ರ ಸುಮಾರಿಗೆ, ಪತ್ರ ಕೊಡಬೇಕಿತ್ತು. ನೇಪಾಳಿ ಕೆಲಸಗಾರರ ಪತ್ರದಲ್ಲಿ ಮಾಮೂಲಿ ವಿವರಗಳಲ್ಲದೆ ನಾಲ್ಕು ಸಾಲು ಹೆಚ್ಚಿಗೆ ಬೇಕು. ಸೇರಿದ ನಿಜವಾದ ದಿನಾಂಕ. ಊರಿನಲ್ಲಿರುವ ನಾಮಿನಿಯ ಹೆಸರು, ನಾಗರಿಕತಾ ಪತ್ರದಲ್ಲಿರುವ ಕಾಗುಣಿತದಲ್ಲೇ. ಊರಲ್ಲಿ ಗಲಭೆ, ಭೂಕುಸಿತ, ಸಾವು ಸಂಭವಿಸಿ ತಟ್ಟನೆ ಹೋಗಬೇಕಾದರೆ ಅಲ್ಲಿಯವರೆಗಿನ ಸಂಬಳ ಎರಡು ದಿನದೊಳಗೆ ಎಂಬ ಮಾತು. ವರ್ಷಕ್ಕೊಮ್ಮೆ ಹೋಗಿಬರುವ ರೈಲು ಮತ್ತು ಬಸ್ಸಿನ ಹಣ. ಈ ಕೊನೆಯದನ್ನು ಕಾನೂನು ಕೊಡಿಸುವುದಿಲ್ಲ, ಮಾಲೀಕರೇ ಬರೆಯಬೇಕು. ಈ ಲಾಡ್ಜಿನಲ್ಲಿ ಒಡಿಶಾ, ಜಾರ್ಖಂಡಿನವರಿಗೂ ಸೇರಿಸಿ ಬರೆದರು.

ರಜೆಯ ಲೆಕ್ಕವೂ ಇದರ ಜೊತೆ ಕೂರಬೇಕು. ಅಂಗಡಿ ಕಾಯ್ದೆಯಲ್ಲಿ 20 ದಿನದ ಕೆಲಸಕ್ಕೆ 1 ದಿನ ಗಳಿಕೆ ರಜೆ. 300 ದಿನ ದುಡಿದವನಿಗೆ 15. ಮೈಸೂರಿನಿಂದ ದೆಹಲಿಗೆ ಎರಡು ದಿನ, ಅಲ್ಲಿಂದ ಬನಬಸಾ ಗಡಿಗೆ ಒಂದು ರಾತ್ರಿ, ಮಹೇಂದ್ರನಗರದಿಂದ ಬೆಟ್ಟದ ಹಾದಿಯಲ್ಲಿ ಇನ್ನೊಂದು ದಿನ. ಹೋಗಿ ಬರುವುದಕ್ಕೇ ಎಂಟು ದಿನ ಕಳೆದು ಮನೆಯಲ್ಲಿ ಉಳಿಯುವುದು ಒಂದು ವಾರ. ಆದ್ದರಿಂದ ಪಾಳಿ ಹೀಗೆ ಬರೆದುಕೊಂಡರು: ಒಂದು ವರ್ಷ ಐವರು ದಶೈನ್‌ಗೆ, ನಾಲ್ವರು ದಸರಾ ಮುಗಿಸಿ ಮೂರು ವಾರದೊಳಗೆ ಬರುವ ನೇಪಾಳಿಗಳ ದೀಪಾವಳಿ ತಿಹಾರ್‌ಗೆ, ಮರು ವರ್ಷ ಅದಲು ಬದಲು. ಹೆಸರುಗಳನ್ನು ಏಪ್ರಿಲ್‌ನಲ್ಲೇ ಗೋಡೆಗೆ ಅಂಟಿಸುವುದು, ರೈಲಿನ ಟಿಕೆಟ್ ಬುಕಿಂಗ್ ತೆರೆದ ದಿನವೇ ತೆಗೆಯುವುದು.

ನಾಲ್ಕನೆಯವನು ಪಾತ್ರೆ ತೊಳೆಯುತ್ತಿದ್ದವನು, ಖಾತೆ ಇಲ್ಲದ ಆರು ಜನರಲ್ಲಿ ಒಬ್ಬ. ಅವನ ಬಾಕಿ 11,700 ರೂಪಾಯಿ ಹಾಗೇ ಇದೆ. ಭಾರತ-ನೇಪಾಳ ಹಣ ರವಾನೆ ಸೌಲಭ್ಯದಲ್ಲಿ ಬ್ಯಾಂಕಿಗೆ ಹೋಗಿ ನಗದು ಕಟ್ಟಿದರೆ ಒಂದು ಸಲಕ್ಕೆ 50,000ದವರೆಗೆ, ವರ್ಷಕ್ಕೆ 12 ಸಲ ಕಳಿಸಬಹುದು. ಖಾತೆ ಇದ್ದವರಿಗೆ ಸಲಕ್ಕೆ 2 ಲಕ್ಷದವರೆಗೆ. ಮಾಲೀಕರು ಮೊದಲು ಅವನಿಂದ ಒಂದು ಅಧಿಕಾರಪತ್ರ ತರಿಸಿಕೊಳ್ಳಬೇಕು: ಇಂಥವನ ಕೈಗೆ ನನ್ನ ಬಾಕಿ ಕೊಡಿ ಎಂದು, ಸಹಿ ಮತ್ತು ನಾಗರಿಕತಾ ಪತ್ರದ ನಕಲಿನ ಜೊತೆ. ಆ ಪತ್ರದ ಫೋಟೊ ಕಳಿಸಲು ಹೇಳಿ ಅವನ ಊರಿನ ನಂಬರಿಗೆ ಕರೆ ಮಾಡಿದ್ದಾರೆ. ಅಡುಗೆಮನೆಯ ದಾಜು ತನ್ನ ಖಾತೆಯಿಂದ ಕಳಿಸಲು ಒಪ್ಪಿದ್ದಾನೆ, ರಸೀದಿಯ ಒಂದು ಪ್ರತಿ ಹಾಜರಿ ಪುಸ್ತಕಕ್ಕೆ ಅಂಟಬೇಕು.